ಹುಲ್ಲಿಗೂ ಪಾಳಿ ಹಚ್ಚಿರಿ

ಬೇಸಿಗೆ ಬಂತೆಂದರೆ ನಮ್ಮ ಯಡೂರಿನ ಹೊಳೆದಂಡೆಯ ರೈತನಿಗೆ ಒಂದು ಮಾತು ಬಾಯಿಪಾಠ: ಕುಡಿಯುವ ನೀರು ಮೊದಲು, ಬೆಳೆ ಆಮೇಲೆ. ಕೃಷ್ಣೆ ತಳ ಕಾಣತೊಡಗಿದರೆ ದಂಡೆಯ ಪಂಪ್‌ಸೆಟ್ಟುಗಳ ಕರೆಂಟ್ ತೆಗೀತಾರ. ಕಬ್ಬು ಒಣಗಿದ್ರ ಒಣಗ್ಲಿ, ಕಲ್ಲೋಳ-ಯಡೂರ ಬಾಂದಾರದಾಗಿನ ನೀರು ಕುಡಿಯಾಕ ಉಳೀಬೇಕು. ಗೊಣಗುವವರು ಇದ್ದಾರೆ, ಆದರೆ ಈ ನಿಯಮವೇ ತಪ್ಪು ಅನ್ನುವವರು ಕಡಿಮೆ. ನನ್ನ ತಕರಾರೂ ನಿಯಮದ ಮೇಲಲ್ಲ. ಈ ನ್ಯಾಯ ರೈತನ ಬೆಳೆಗೆ ಇದ್ದಮೇಲೆ ಗಾಲ್ಫ್ ಮೈದಾನದ ಹುಲ್ಲಿಗೆ ಯಾಕಿಲ್ಲ ಅನ್ನುವುದಷ್ಟೇ ನನ್ನ ಪ್ರಶ್ನೆ.

ವೀರಭದ್ರೇಶ್ವರನ ಗುಡಿ, ಕಬ್ಬು, ಹೊಳೆ ಬಿಟ್ಟರೆ ಬೇರೆ ಹೆಸರಿಲ್ಲದ ಯಡೂರಿಗೂ ಗಾಲ್ಫಿಗೂ ಏನು ಸಂಬಂಧ ಅಂತೀರಾ? ನೀರಿನ ಸಂಬಂಧ. 2019ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾದಿಂದ ನೀರು ಬಿಡಿ ಅಂತ ಮಹಾರಾಷ್ಟ್ರಕ್ಕೆ ದುಂಬಾಲು ಬಿದ್ದದ್ದು ನೆನಪಿರಬೇಕು. ಅದೇ ವರ್ಷ ಆಗಸ್ಟಿನಲ್ಲಿ ಅದೇ ಹೊಳೆ ನಮ್ಮನ್ನು ಮುಳುಗಿಸಿತು, ಆ ಮಾತು ಬೇರೆ. 2023ರ ಮೇ ಕೊನೆಯಲ್ಲೂ ನಮ್ಮ ಮುಖ್ಯಮಂತ್ರಿ ವಾರಣಾ ಅಥವಾ ಕೊಯ್ನಾದಿಂದ ಕೃಷ್ಣೆಗೆ 2 ಟಿಎಂಸಿ ಬಿಡಿ ಅಂತ ಪತ್ರ ಬರೆದರು. ನೆರೆಮನೆಗೆ ಕೊಡ ಹಿಡಕೊಂಡು ಹೋಗುವವರು ಮೊದಲು ತಮ್ಮ ಹಿತ್ತಲಾಗ ಯಾವ ನಳ ಹರೀತೈತಿ ಅಂತ ನೋಡಬೇಕಲ್ಲ?

ಮೊದಲು ಗಾಲ್ಫಿನವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಗ್ರೀನ್ ಅಂದರೆ ಚೆಂಡು ಕುಳಿಗೆ ಬೀಳುವ ಕೊನೆಯ ತುಂಡು ನೆಲ. ಅಲ್ಲಿ ಹುಲ್ಲನ್ನು ಮೂರ್ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಬಿಸಿಲಿಗೆ ಅಂಥ ಹುಲ್ಲು ಉಳಿಸುವುದು ಸಣ್ಣ ಕೆಲಸವಲ್ಲ. ಬ್ಲೇಡು ಹರಿತ ಇರಬೇಕು. ಬಿಸಿಲು ಹೆಚ್ಚಾದಾಗ ಕತ್ತರಿಸುವ ಎತ್ತರ ಸ್ವಲ್ಪ ಏರಿಸಬೇಕು. ನೆಲಕ್ಕೆ ತೂತು ಹೊಡೆದು ಮರಳು ತುಂಬಬೇಕು, ಬೇರಿಗೆ ಗಾಳಿ ಹೋಗಬೇಕು. ನೀರು ಬೆಳಗಿನ ಜಾವವೇ ಕೊಡಬೇಕು. ಸಂಜೆ ಕೊಟ್ಟರೆ ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದು ಬೂಷ್ಟು ಹತ್ತುತ್ತದೆ. ದಿನಾ ಚೂರುಚೂರು ಚಿಮುಕಿಸಿದರೆ ಬೇರು ಮೇಲೇ ಉಳಿದು ಹುಲ್ಲು ಸೋಮಾರಿಯಾಗುತ್ತದೆ. ಆಳಕ್ಕೆ ಇಳಿಯುವಂತೆ ಕೊಟ್ಟು, ಬಿಡುವು ಬಿಟ್ಟರೆ ಬೇರು ನೀರು ಹುಡುಕಿ ಕೆಳಗಿಳಿಯುತ್ತದೆ. ನಮ್ಮ ಕಡೆ ಅತಿಯಾಗಿ ನೀರು ಹಾಯಿಸಿ ಹೊಲ ಸವಳು-ಜವಳು ಆದದ್ದನ್ನು ಕಂಡವರಿಗೆ ಈ ಲೆಕ್ಕಾಚಾರದ ಬೆಲೆ ಗೊತ್ತು. ಅದನ್ನು ಮಾಡುವ ಮಾಲಿಗಳ ಮೇಲೆ ನನಗೆ ಗೌರವ ಐತಿ.

ಇನ್ನು ಅಂಕಿ ನೋಡ್ರಿ. ಒಂದು ಹೆಕ್ಟೇರಿಗೆ ಒಂದು ಮಿಲಿಮೀಟರ್ ನೀರೆಂದರೆ 10,000 ಲೀಟರ್. 18 ಕುಳಿಯ ಮೈದಾನದ ಎಲ್ಲ ಗ್ರೀನ್ ಕೂಡಿಸಿದರೂ ಹೆಚ್ಚುಕಡಿಮೆ ಒಂದು ಹೆಕ್ಟೇರ್. ದಿನಕ್ಕೆ 5 ಮಿಲಿಮೀಟರ್ ಹಿಡಿದರೆ 50,000 ಲೀಟರ್. ಆದರೆ ಚೆಂಡು ಓಡುವ ಫೇರ್‌ವೇ, ಅದರ ಅಂಚು, ಕ್ಲಬ್ಬಿನ ಅಂಗಳ ಎಲ್ಲಾ ಸೇರಿಸಿ 30 ಹೆಕ್ಟೇರಿಗೆ ಹಾಗೇ ನೀರು ಬಿಟ್ಟರೆ ದಿನಕ್ಕೆ 15 ಲಕ್ಷ ಲೀಟರ್. ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುವುದು ಜಲಜೀವನ ಯೋಜನೆಯ ಅಳತೆ. ಆ ಅಳತೆಯಲ್ಲಿ ಅದು 27,000 ಜನರ ನೀರು. ಅಂದರ ಗ್ರೀನ್ ಕುಡಿಯೂದು ಕಡಿಮಿ, ಗ್ರೀನಿನ ಹೆಸರು ಹೇಳಿ ಉಳಿದ ಹುಲ್ಲು ಕುಡಿಯೂದು ಜಾಸ್ತಿ.

ಹಂಗಾದ್ರ ಉಳಿದ ಹುಲ್ಲು ಕಂದು ಆಗ್ಲಿ ಬಿಡ್ರಿ! ಆಟ ಏನು ನಿಲ್ಲಂಗಿಲ್ಲ. 2006ರಲ್ಲಿ ಇಂಗ್ಲೆಂಡಿನ ಹೊಯ್ಲೇಕಿನಲ್ಲಿ ಓಪನ್ ಪಂದ್ಯ ನಡೆದಾಗ ಫೇರ್‌ವೇ ಸುಟ್ಟ ರೊಟ್ಟಿಯ ಬಣ್ಣದ್ದಿತ್ತು; ಟೈಗರ್ ವುಡ್ಸ್ ಅದರ ಮೇಲೇ ಆಡಿ ಗೆದ್ದ. ಅಮೆರಿಕದ ಪೈನ್‌ಹರ್ಸ್ಟಿನವರು ನೂರಾರು ಸ್ಪ್ರಿಂಕ್ಲರ್ ಕಿತ್ತು, ಎಕರೆಗಟ್ಟಲೆ ಹುಲ್ಲು ತೆಗೆದು, 2014ರಲ್ಲಿ ಅದೇ ಕಂದು ನೆಲದ ಮೇಲೆ ಯುಎಸ್ ಓಪನ್ ನಡೆಸಿದರು. ನೀರಿಲ್ಲದ ಎಷ್ಟೋ ಊರುಗಳಲ್ಲಿ ಗ್ರೀನ್ ಬದಲು ಮರಳಿನ 'ಬ್ರೌನ್' ಮೇಲೆ ಆಡಿದವರಿದ್ದಾರೆ. 2022ರ ಬರಗಾಲದಲ್ಲಿ ಫ್ರಾನ್ಸ್ ಸರ್ಕಾರ ಗ್ರೀನಿಗೆ ಮಾತ್ರ, ಅದೂ ಮಾಮೂಲಿನ 30 ಪರ್ಸೆಂಟ್ ಮೀರದಂತೆ, ನೀರು ಕೊಡಲು ಬಿಟ್ಟಿತು. ಅಷ್ಟಕ್ಕೇ ಸಿಟ್ಟಾಗಿ ಟುಲೂಸ್ ಹತ್ತಿರ ಯಾರೋ ರಾತ್ರೋರಾತ್ರಿ ಕುಳಿಗಳಿಗೆ ಸಿಮೆಂಟು ತುಂಬಿಬಿಟ್ಟರು. ಸಿಮೆಂಟು ತುಂಬ್ರಿ ಅಂತ ನಾ ಹೇಳಂಗಿಲ್ಲ. ಆ 30 ಪರ್ಸೆಂಟಿನ ನಿಯಮವಾದರೂ ನಮ್ಮಲ್ಲಿ ಬರಲಿ ಅಂತೀನಿ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಮೊದಲನೇದು, 'ನಾವು ಬಳಸುವುದು ಶುದ್ಧೀಕರಿಸಿದ ಚರಂಡಿ ನೀರು'. ಬಳಸಿದರೆ ಒಳ್ಳೇದು. ಆದರೆ ಆ ನೀರೂ ಈಗ ಯಾರಿಗೂ ಬೇಡದ ನೀರಲ್ಲ. 2018ರಿಂದ ಬೆಂಗಳೂರಿನ ಅಂಥದೇ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಕೆ.ಸಿ. ಅಂದರೆ ಕೋರಮಂಗಲ-ಚಲ್ಲಘಟ್ಟ. ಚಲ್ಲಘಟ್ಟದಲ್ಲಿ ಒಂದು ಕೆರೆ ಇತ್ತು; ಇವತ್ತು ಆ ಜಾಗದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಇದೆ. ಕೆರೆಯ ಹೆಸರು ಹೊತ್ತ ನೀರು ಕೋಲಾರಕ್ಕೆ ಹೋಯಿತು, ಕೆರೆಯ ಜಾಗ ಆಟಕ್ಕೆ ಹೋಯಿತು.

ಎರಡನೇದು, 'ನಿಮ್ಮ ಕಬ್ಬು ಕುಡಿಯುವಷ್ಟು ನಮ್ಮ ಹುಲ್ಲು ಕುಡಿಯೋದಿಲ್ಲ'. ನಿಜ. ಕಬ್ಬು ಭಾಳ ಕುಡೀತೈತಿ. ಹನಿ ನೀರಾವರಿ ಬರಬೇಕು, ರವದಿ ಸುಡದೆ ಸಾಲಿನಾಗ ಹಾಸಿ ತೇವ ಹಿಡಿಯಬೇಕು. ಈ ಮಾತನ್ನು ನಮ್ಮವರಿಗೂ ಹೇಳ್ತೀನಿ, ಬೈಸಿಕೊಳ್ತೀನಿ. ಆದರೆ ವ್ಯತ್ಯಾಸ ಇಷ್ಟು: ಕಬ್ಬಿನ ನೀರು ಬಂದ್ ಮಾಡುವ ಸ್ವಿಚ್ಚು ಸರ್ಕಾರದ ಕೈಯಾಗ ಐತಿ, ಹುಲ್ಲಿನ ಸ್ವಿಚ್ಚು ಹುಲ್ಲಿನವರ ಕೈಯಾಗೇ ಐತಿ. ಕಬ್ಬು ಒಣಗಿದರೆ ಒಂದು ಮನೆಯ ವರ್ಷದ ಕೂಳು ಹೋಗುತ್ತದೆ. ಫೇರ್‌ವೇ ಒಣಗಿದರೆ ಮಳೆಗಾಲಕ್ಕೆ ತಾನೇ ಚಿಗುರುತ್ತದೆ, ಯಾಕಂದರೆ ಅಲ್ಲಿರುವ ಬರ್ಮುಡಾ ಜಾತಿ ನಮ್ಮ ಗರಿಕೆಯೇ. ಗರಿಕೆ ಸಾಯೂದು ಅಂದ್ರೇನು ಅಂತ ಯಾವ ರೈತನ್ನಾದ್ರೂ ಕೇಳ್ರಿ, ನಗ್ತಾನ.

ಮೂರನೇದು, ಮಾಲಿಗಳ ಕೆಲಸ. ಗ್ರೀನ್ ಉಳಿದರೆ ಗ್ರೀನಿನ ಕೆಲಸವೂ ಉಳಿಯುತ್ತದೆ. ಪೈಪು ಹಿಡಿದು ಒಣಗಿದ ಜಾಗಕ್ಕಷ್ಟೇ ನೀರು ಬಿಡಲು ಸ್ಪ್ರಿಂಕ್ಲರಿಗಿಂತ ಹೆಚ್ಚು ಕೈ ಬೇಕು, ಕಡಿಮೆ ಅಲ್ಲ.

2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಕುಂಡದ ತುಳಸಿಗೆ ನೀರು ಹಾಕುವವರನ್ನು ಎಣಿಸಬಲ್ಲ ಸರ್ಕಾರಕ್ಕೆ ಗಾಲ್ಫ್ ಮೈದಾನಗಳನ್ನು ಎಣಿಸುವುದು ಕಷ್ಟವೇ? ಬೆರಳ ಮೇಲೆ ಎಣಿಸಬಹುದು.

ನಾನು ಕೇಳೂದು ಮೂರೇ ಮಾತು. ಪ್ರತಿ ಗಾಲ್ಫ್ ಕ್ಲಬ್ಬು ಬೋರ್‌ವೆಲ್ಲಿಗೂ ಸೇರಿ ಮೀಟರ್ ಹಾಕಿ, ತಿಂಗಳ ಲೆಕ್ಕವನ್ನು ಗೇಟಿನ ಹೊರಗೆ ಬೋರ್ಡಿನ ಮೇಲೆ ಬರೆಯಲಿ. ಬೇಸಿಗೆಯಲ್ಲಿ ನೀರು ಗ್ರೀನಿಗೆ ಮಾತ್ರ. ರಾಜ್ಯದಲ್ಲಿ ಎಲ್ಲಾದರೂ ಕುಡಿಯುವ ನೀರಿಗಾಗಿ ಹೊಳೆದಂಡೆಯ ಕರೆಂಟ್ ತೆಗೆದ ದಿನವೇ ಫೇರ್‌ವೇಯ ಸ್ಪ್ರಿಂಕ್ಲರೂ ಬಂದ್ ಆಗಲಿ. ಯಡೂರಾಗ ಪಾಳಿ ಐತಿ ಅಂದಮ್ಯಾಲ ಚಲ್ಲಘಟ್ಟದಾಗೂ ಇರಲಿ.