‘ಬಲಮುರಿ ಶಂಖ’ ಕೊಳ್ಳುವ ಮುನ್ನ ಅದರ ಬಾಯೊಳಗೆ ನೋಡಿ
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ದಾಸಯ್ಯನ ಶಂಖವನ್ನು ನಾವೆಲ್ಲ ನೋಡಿದ್ದೇವೆ. ಆದರೂ ‘ಅದೃಷ್ಟದ ಬಲಮುರಿ ಶಂಖ’ ಎಂಬ ಫಾರ್ವರ್ಡ್ ಬಂದರೆ ಮನಸ್ಸು ಸೋಲುತ್ತದೆ.

ಬಾಲ ಮೇಲೆ ಮಾಡಿ, ಬಾಯಿ ನಮ್ಮತ್ತ ಹಿಡಿದರೆ ಸಾಮಾನ್ಯ ಶಂಖದ ಬಾಯಿ ಎಡಕ್ಕಿರುತ್ತದೆ, ಬಲಮುರಿಯದು ಬಲಕ್ಕೆ. ಮಾರುವವರು ತೋರಿಸುವುದು ಇಷ್ಟನ್ನೇ. ಆದರೆ ಅಮೆರಿಕದ ಕಡಲತೀರದ ‘ಲೈಟ್ನಿಂಗ್ ವೆಲ್ಕ್’ ಎಂಬ ಬಸವನಹುಳುವಿನ ಚಿಪ್ಪು ಸಹಜವಾಗಿಯೇ ಹಾಗಿರುತ್ತದೆ. ಅಲ್ಲಿ ಅದೇನೂ ಅಪರೂಪವಲ್ಲ. ಅದನ್ನೇ ಬಲಮುರಿ ಎಂದು ಮಾರುವುದುಂಟು.

ಗುರುತು ಬಾಯೊಳಗಿದೆ. ಮನ್ನಾರ್ ಕೊಲ್ಲಿಯಲ್ಲಿ ಸಿಗುವ ನಮ್ಮ ಶಂಖದ, ಅಂದರೆ ‘ಟರ್ಬಿನೆಲ್ಲಾ ಪೈರಮ್’ನ, ನಡುಗಂಬದ ಮೇಲೆ ಮೂರ್ನಾಲ್ಕು ಏಣುಗಳಿರುತ್ತವೆ. ವೆಲ್ಕ್‌ನಲ್ಲಿ ಆ ಜಾಗ ನುಣುಪು. ಬೆರಳಾಡಿಸಿದರೆ ತಿಳಿಯುತ್ತದೆ, ಫೋಟೋ ನೋಡಿ ಹಣ ಕಳಿಸಿದರೆ ತಿಳಿಯದು.

ಕಿವಿಗಿಟ್ಟಾಗ ಕೇಳುವ ‘ಓಂಕಾರ’ವೂ ಪರೀಕ್ಷೆಯಲ್ಲ. ಸುತ್ತಲಿನ ಸದ್ದೇ ಒಳಗೆ ಮೊಳಗುತ್ತದೆ, ಖಾಲಿ ಲೋಟದಲ್ಲೂ ಕೇಳುತ್ತದೆ.