ಬ್ಯಾಟರಿ ಸವೆಯುತ್ತದೆ, ಸರಿ. ಆ ಸವೆತದ ಬಿಲ್ ಯಾರ ಹೆಸರಿಗೆ?

ಕಳೆದ ದಸರಾ ಹೊತ್ತಿನಲ್ಲಿ ಮೈಸೂರಿನ ನಮ್ಮ ಮನೆಗೆ ಸಮೀಕ್ಷೆಗೆ ಬಂದ ಟೀಚರ್ ಮೊದಲು ಕೇಳಿದ್ದು ನಮ್ಮ ಜಾತಿಯನ್ನಲ್ಲ, ಪ್ಲಗ್ ಪಾಯಿಂಟನ್ನು.

"ಸಾರ್, ಸ್ವಲ್ಪ ಹೊತ್ತು ಚಾರ್ಜ್‌ಗೆ ಹಾಕ್ಕೊಳ್ಲಾ? ಹನ್ನೊಂದು ಪರ್ಸೆಂಟ್ ಇದೆ. ಮಧ್ಯದಲ್ಲಿ ಆಫ್ ಆಗ್ಬಿಟ್ರೆ ಮತ್ತೆ ಮೊದಲಿಂದ ಕೂರ್ಬೇಕು."

ಹಾಕಿಕೊಟ್ಟೆವು. ವೈರು ಚಿಕ್ಕದು, ಗೋಡೆ ಪಕ್ಕ ಸ್ಟೂಲ್ ಎಳೆದುಕೊಂಡು ಬಗ್ಗಿ ಕೂತೇ ಅವರು ಅರವತ್ತು ಪ್ರಶ್ನೆಗಳನ್ನು ತುಂಬಿದರು. ನಡುವೆ ಒಂದು ಮಾತು ಹೇಳಿದರು. "ಬೆಳಿಗ್ಗೆ ಎಂಟಕ್ಕೆ ನೂರಿತ್ತು ಸಾರ್. ತಗೊಂಡಾಗ ಎರಡು ದಿನ ಬರ್ತಿತ್ತು. ಈಗ ಮಧ್ಯಾಹ್ನಕ್ಕೇ ಹಿಂಗೆ. ಕಂಪನಿಯೋರು ಮೋಸ ಮಾಡಿದ್ರೋ, ನಾನೇ ಹಾಳು ಮಾಡಿದ್ನೋ ಗೊತ್ತಿಲ್ಲ."

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಉತ್ತರ ಹುಡುಕುತ್ತಾ ಹೋದರೆ ಇಬ್ಬರದೂ ಪೂರ್ತಿ ತಪ್ಪಲ್ಲ ಅಂತ ಗೊತ್ತಾಗುತ್ತೆ. ತಪ್ಪು ಇರುವುದು ಲೆಕ್ಕದಲ್ಲಿ. ಆ ಲೆಕ್ಕವನ್ನು ನಾವೂ ಮಾಡಿಲ್ಲ, ನಮ್ಮಿಂದ ಕೆಲಸ ಮಾಡಿಸಿಕೊಳ್ಳುವವರೂ ಮಾಡಿಲ್ಲ.

ಡಬ್ಬದ ಮೇಲಿನ 5000

ಇವತ್ತು ಬಹುತೇಕ ಫೋನ್‌ಗಳ ಡಬ್ಬದ ಮೇಲೆ 5000 ಎಂಎಎಚ್ ಎಂದು ದೊಡ್ಡದಾಗಿ ಬರೆದಿರುತ್ತೆ. ದೊಡ್ಡ ಸಂಖ್ಯೆ, ಆದರೆ ಅದನ್ನು ಮನೆಯ ಮೀಟರ್ ಭಾಷೆಗೆ ತಂದು ನೋಡಿ. ಅದು ಹೆಚ್ಚುಕಡಿಮೆ 19 ವಾಟ್-ಅವರ್. ಒಂದು ಯೂನಿಟ್ ಕರೆಂಟ್ ಅಂದರೆ 1000 ವಾಟ್-ಅವರ್. ಚಾರ್ಜರ್‌ನಲ್ಲಿ ಆಗುವ ನಷ್ಟ ಕಳೆದರೂ ಒಂದು ಯೂನಿಟ್‌ನಲ್ಲಿ ಸುಮಾರು 40 ಸಲ ಫೋನ್ ತುಂಬಿಸಬಹುದು. ಒಂಬತ್ತು ವಾಟಿನ ಒಂದು ಎಲ್‌ಇಡಿ ಬಲ್ಬನ್ನು ಎರಡು ಗಂಟೆ ಉರಿಸುವಷ್ಟು ಶಕ್ತಿಯನ್ನು ಇಟ್ಟುಕೊಂಡು ಫೋನು ಇಡೀ ದಿನ ದುಡಿಯುತ್ತೆ. ಹಾಗೆ ನೋಡಿದರೆ ಅದು ಬೇಗ ಖಾಲಿಯಾಗುವುದಕ್ಕಿಂತ ಇಷ್ಟು ಹೊತ್ತು ಬರುವುದೇ ಆಶ್ಚರ್ಯ.

ಜಾಹೀರಾತಿನ 'ಎರಡು ದಿನ' ಪೂರ್ತಿ ಸುಳ್ಳೇನಲ್ಲ. ಅದು ಹೊಸ ಬ್ಯಾಟರಿ, ತಂಪು ಕೋಣೆ, ಮಂದ ಪರದೆ, ಒಳ್ಳೆ ಸಿಗ್ನಲ್ ಇದ್ದಾಗಿನ ಮಾತು. ಆ ಟೀಚರ್ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಬಿಸಿಲಲ್ಲಿ ಕಾಣಬೇಕೆಂದರೆ ಪರದೆಯ ಬೆಳಕು ಪೂರ್ತಿ ಏರಿಸಬೇಕು. ಡೇಟಾ, ಲೊಕೇಶನ್ ಎರಡೂ ಆನ್ ಇರಬೇಕು. ಸಿಗ್ನಲ್ ಮಂದವಿದ್ದ ಕಡೆ ಫೋನು ಟವರನ್ನು ಮುಟ್ಟಲು ತನ್ನ ರೇಡಿಯೊ ಶಕ್ತಿಯನ್ನೇ ಏರಿಸಿಕೊಳ್ಳುತ್ತೆ. ಒಂದು ಕಡ್ಡಿ ಸಿಗ್ನಲ್‌ನಲ್ಲಿ ಓಟಿಪಿಗೆ ಕಾಯುವುದೂ ಬ್ಯಾಟರಿಗೆ ದುಬಾರಿ ಕೆಲಸವೇ. ಅಂಥಾ ದಿನಕ್ಕೆ ಹೊಸ ಫೋನೂ ಸಂಜೆವರೆಗೆ ಬಂದರೆ ದೊಡ್ಡದು.

ಹಳತಾಗುವುದು ಕಾಯಿಲೆಯಲ್ಲ

ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದನ್ನು ರೂಪಿಸಿದ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಎಷ್ಟೇ ಸುಧಾರಿಸಿದರೂ ಅದರ ಒಂದು ಗುಣ ಹೋಗಿಲ್ಲ. ಪ್ರತಿ ಸಲ ತುಂಬಿ ಖಾಲಿಯಾದಾಗಲೂ ಒಳಗಿನ ಲಿಥಿಯಂನಲ್ಲಿ ಸ್ವಲ್ಪ ಸ್ವಲ್ಪವೇ ಶಾಶ್ವತವಾಗಿ ಸಿಕ್ಕಿಹಾಕಿಕೊಳ್ಳುತ್ತೆ, ವಾಪಸ್ ಬರಲ್ಲ. ಚಪ್ಪಲಿ ಸವೆದ ಹಾಗೆ.

ಈ ಸವೆತವನ್ನು ಸೈಕಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಇವತ್ತು 50 ಪರ್ಸೆಂಟ್, ನಾಳೆ 50 ಪರ್ಸೆಂಟ್ ಬಳಸಿದರೆ ಎರಡೂ ಸೇರಿ ಒಂದು ಸೈಕಲ್. ಹಳೆಯ ಐಫೋನ್‌ಗಳ ಬ್ಯಾಟರಿ 500 ಸೈಕಲ್ ನಂತರ ಮೂಲ ಸಾಮರ್ಥ್ಯದ ಶೇ. 80 ಉಳಿಸಿಕೊಳ್ಳುವಂತೆ ವಿನ್ಯಾಸವಾಗಿದೆ ಎಂದು ಆಪಲ್ ಹೇಳುತ್ತಿತ್ತು. ಐಫೋನ್ 15ರಿಂದ ಅದು 1000 ಸೈಕಲ್ ಆಯಿತು. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಅಲ್ಲಿ ಮಾರುವ ಫೋನ್‌ಗಳಿಗೆ ಕನಿಷ್ಠ 800 ಸೈಕಲ್ ಎಂದು ಕಾನೂನನ್ನೇ ಮಾಡಿದೆ.

ದಿನಕ್ಕೊಂದು ಸೈಕಲ್ ಅಂದರೆ 500 ಸೈಕಲ್ ಒಂದು ವರ್ಷ ನಾಲ್ಕೂವರೆ ತಿಂಗಳು, 800 ಸೈಕಲ್ ಎರಡು ವರ್ಷ ಎರಡು ತಿಂಗಳು. ಹಾಗಾಗಿ ಎರಡು ವರ್ಷ ದುಡಿದ ಫೋನ್ ಐದನೇ ಒಂದು ಭಾಗ ಶಕ್ತಿ ಕಳೆದುಕೊಂಡಿದ್ದರೆ ಅದು ಕೆಟ್ಟಿದೆ ಅಂತಲ್ಲ, ವಯಸ್ಸಾಗಿದೆ ಅಂತ. ಪರದೆಯ ಮೇಲೆ ಆಗಲೂ '100' ಅಂತಲೇ ಬರುತ್ತೆ. ಆದರೆ ಅದು ಐದು ಲೀಟರಿನ ಕ್ಯಾನು ನಾಲ್ಕು ಲೀಟರಿಗೆ ಕುಗ್ಗಿದ ಮೇಲೆ ತೋರಿಸುವ 'ಫುಲ್'. ಜೊತೆಗೆ ಹಳೆ ಬ್ಯಾಟರಿಯ ಒಳಗಿನ ತಡೆಯೂ ಹೆಚ್ಚುತ್ತೆ. 15 ಪರ್ಸೆಂಟ್ ತೋರಿಸುತ್ತಿದ್ದ ಫೋನು ಕ್ಯಾಮೆರಾ ತೆರೆದ ತಕ್ಷಣ ಆಫ್ ಆಗುವುದು ಅದಕ್ಕೇ.

ಇಂಥಾ ದಿಢೀರ್ ಆಫ್ ತಪ್ಪಿಸಲು ಹಳೆ ಫೋನ್‌ಗಳ ವೇಗವನ್ನೇ ತಗ್ಗಿಸುತ್ತಿದ್ದೇವೆ ಎಂದು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಜನ ಸಿಟ್ಟಾದದ್ದು ಬ್ಯಾಟರಿ ಸವೆದದ್ದಕ್ಕಲ್ಲ, ಹೇಳದೆ ಮಾಡಿದ್ದಕ್ಕೆ. ಬ್ಯಾಟರಿ ಬದಲಿಸಿದರೆ ಸಾಕಿದ್ದ ಕಡೆ ಎಷ್ಟೋ ಜನ ಹೊಸ ಫೋನನ್ನೇ ಕೊಂಡಿದ್ದರು.

ರಾತ್ರಿಯಿಡೀ ಚಾರ್ಜ್ ಹಾಕಬಹುದಾ?

ಹಾಕಬಹುದು. ತುಂಬಿದ ಮೇಲೆ ಫೋನೇ ನಿಲ್ಲಿಸಿಕೊಳ್ಳುತ್ತೆ. ದಿಂಬಿನ ಕೆಳಗೆ ಮಾತ್ರ ಇಡಬೇಡಿ. ಹೊಸ ಫೋನನ್ನು ಮೊದಲ ದಿನ ಎಂಟು ಗಂಟೆ ಚಾರ್ಜ್ ಮಾಡಬೇಕು, ಪೂರ್ತಿ ಸೊನ್ನೆಗೆ ಇಳಿಸಿಯೇ ತುಂಬಿಸಬೇಕು ಅನ್ನುವುದೆಲ್ಲ ನಿಕಲ್ ಬ್ಯಾಟರಿ ಕಾಲದ ನಂಬಿಕೆಗಳು. ಲಿಥಿಯಂ ಬ್ಯಾಟರಿಗೆ 20ರಿಂದ 80ರ ನಡುವೆ ಇದ್ದರೆ ಹಿತ. ಎಲ್ಲಾ ಆ್ಯಪನ್ನೂ ಪದೇಪದೇ ಮುಚ್ಚುವುದರಿಂದ ಲಾಭವಿಲ್ಲ, ಮತ್ತೆ ತೆರೆಯುವಾಗ ಅದಕ್ಕೂ ಶಕ್ತಿ ಬೇಕು. ಪರದೆಯ ಬೆಳಕು ತಗ್ಗಿಸಿ, ಬೇಡದ ಆ್ಯಪ್‌ಗೆ ಲೊಕೇಶನ್ ಕೊಡಬೇಡಿ. ಇಷ್ಟು ಸಾಕು.

ಬ್ಯಾಟರಿಯ ನಿಜವಾದ ಶತ್ರು ಬಿಸಿ. 25 ಡಿಗ್ರಿಯಲ್ಲಿ ಪೂರ್ತಿ ತುಂಬಿಸಿ ಒಂದು ವರ್ಷ ಸುಮ್ಮನೆ ಇಟ್ಟ ಲಿಥಿಯಂ ಬ್ಯಾಟರಿ ಸುಮಾರು ಐದನೇ ಒಂದು ಭಾಗ ಸಾಮರ್ಥ್ಯ ಕಳೆದುಕೊಂಡರೆ, 40 ಡಿಗ್ರಿಯಲ್ಲಿ ಮೂರನೇ ಒಂದು ಭಾಗದಷ್ಟು ಹೋಗುತ್ತೆ. ಮೈಸೂರು ತಂಪು ಊರು ಅನ್ನೋ ಹೆಮ್ಮೆ ನಮಗಿದೆ. ಆದರೆ ಏಪ್ರಿಲ್ ಮಧ್ಯಾಹ್ನ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನು ಆ ತಂಪನ್ನು ಕಾಣಲ್ಲ. ಮೇಲಿಂದ ಬಿಸಿಲು, ಒಳಗೆ ಮ್ಯಾಪ್, ಹಿಂದೆ ಪವರ್‌ಬ್ಯಾಂಕಿನ ಚಾರ್ಜಿಂಗ್. ಮೂರೂ ಒಟ್ಟಿಗೆ ಸೇರಿದರೆ ಅದನ್ನು ಬೇಯಿಸಿದ ಹಾಗೇ.

ಹದಿನೈದು ಪೈಸೆಯ ಕರೆಂಟು, ಎರಡೂವರೆ ರೂಪಾಯಿಯ ಸವೆತ

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಯೂನಿಟ್‌ಗೆ ಹೆಚ್ಚುಕಡಿಮೆ 6 ರೂಪಾಯಿ ಅಂದುಕೊಂಡರೆ ಒಂದು ಸಲ ಫೋನ್ ತುಂಬಿಸಲು 15 ಪೈಸೆ. ಗೃಹಜ್ಯೋತಿ ಇರುವ ಮನೆಗೆ ಅದೂ ಇಲ್ಲ. ಆದರೆ ಬ್ಯಾಟರಿ ಬದಲಿಸಲು 2000 ರೂಪಾಯಿ ಅಂತಿಟ್ಟುಕೊಳ್ಳಿ. 800 ಸೈಕಲ್‌ಗೆ ಹಂಚಿದರೆ ಸೈಕಲ್‌ಗೆ ಎರಡೂವರೆ ರೂಪಾಯಿ. ಕರೆಂಟಿನ ಹದಿನಾರು ಪಟ್ಟಿಗಿಂತ ಜಾಸ್ತಿ. ಅಂದರೆ ಫೋನಿನ ನಿಜವಾದ ಖರ್ಚು ಚಾರ್ಜ್ ಮಾಡುವುದರಲ್ಲಿಲ್ಲ, ಸವೆತದಲ್ಲಿದೆ. ಆ ಖರ್ಚು ಯಾವ ಬಿಲ್ಲಿನಲ್ಲೂ ಕಾಣಲ್ಲ.

ಊಟ ಹಂಚುವ ಹುಡುಗರು ಬೆಳಿಗ್ಗೆಯಿಂದ ರಾತ್ರಿವರೆಗೆ ಆ್ಯಪ್ ಆನ್ ಇಟ್ಟಿರಬೇಕು. ದಿನಕ್ಕೆ ಎರಡು ಸೈಕಲ್ ಹೋದರೆ 800 ಸೈಕಲ್ 400 ದಿನಕ್ಕೆ ಮುಗಿಯುತ್ತೆ, ಅಂದರೆ ಒಂದು ವರ್ಷ ಒಂದು ತಿಂಗಳು. ದಿನಕ್ಕೆ ಐದು ರೂಪಾಯಿ ಅವರ ಜೇಬಿಂದ, ಪೆಟ್ರೋಲಿನ ಹಾಗೇ, ಆದರೆ ಪೆಟ್ರೋಲಿನ ಹಾಗೆ ಕಣ್ಣಿಗೆ ಕಾಣದೆ. ಆರ್ಡರ್ ಮಧ್ಯದಲ್ಲಿ ಫೋನ್ ಸತ್ತರೆ ಆಗುವ ನಷ್ಟ ಬೇರೆ.

ಶಿವರಾಂಪೇಟೆಯ ಒಬ್ಬ ರಿಪೇರಿಯವರನ್ನು ಕೇಳಿದೆ. "ಕೆಲಸದ ಹುಡುಗ್ರು ಬಂದ್ರೆ ಮೊದಲು ಕೇಳೋದು ಕಡಿಮೆದು ಯಾವ್ದಿದೆ ಅಂತ. ಒರಿಜಿನಲ್ ಹಾಕುಸ್ಕೊಳಿ ಅಂತೀನಿ, ಸಂಬಳ ಆದ್ಮೇಲೆ ನೋಡಣ ಬುಡಣ್ಣ ಅಂತಾರೆ. ಡೂಪ್ಲಿಕೇಟ್ ಹಾಕುಸ್ಕೊಂಡು ನಾಕು ತಿಂಗ್ಳಿಗೆ ವಾಪಸ್ ಬರ್ತಾರೆ, ಕೆಲವು ಉಬ್ಬಿರ್ತವೆ." ಉಬ್ಬಿದ ಬ್ಯಾಟರಿ ಬೆಂಕಿಗೆ ದಾರಿ. ಅದನ್ನು ಒತ್ತಬಾರದು, ಚುಚ್ಚಬಾರದು, ಪೌರಕಾರ್ಮಿಕರ ಕೈಗೆ ಕಸದ ಜೊತೆ ಕೊಡಲೇಬಾರದು. ಹಳೆ ಬ್ಯಾಟರಿಯನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೇ ಹಾಕಿವೆ.

ನಿರೀಕ್ಷೆ ಯಾರದು ಸರಿಯಾಗಬೇಕು?

'ಬ್ಯಾಟರಿ ಬಗ್ಗೆ ವಾಸ್ತವದ ನಿರೀಕ್ಷೆ ಇಟ್ಟುಕೊಳ್ಳಿ' ಅನ್ನುವ ಬುದ್ಧಿಮಾತು ಸಾಮಾನ್ಯವಾಗಿ ಗ್ರಾಹಕರಿಗೆ. ಹೊಸ ಫೋನು ಒಂದು ದಿನ ಬಂದರೆ ಸಾಕು ಅನ್ನಿ, ಎರಡನೇ ವರ್ಷ ಸಂಜೆಗೆ ಚಾರ್ಜರ್ ಹುಡುಕಬೇಕಾದರೆ ಆಶ್ಚರ್ಯಪಡಬೇಡಿ, ಫೋನ್ ಕೊಳ್ಳುವಾಗಲೇ ಒಂದು ಬ್ಯಾಟರಿಯ ದುಡ್ಡು ಎತ್ತಿಡಿ. ಈ ಮಾತನ್ನು ನಾನೂ ಒಪ್ಪುತ್ತೇನೆ.

ಆದರೆ ಸ್ವಂತ ಮನರಂಜನೆಗೆ ಫೋನ್ ಬಳಸುವವರಿಗೆ ಇದು ಸಾಕು. ಕೆಲಸಕ್ಕೆ ಬಳಸಲೇಬೇಕಾದವರಿಗೆ ಸಾಕಾಗಲ್ಲ. 2025ರ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆಯಾದ ದಿನವೇ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯೂ ಶುರುವಾಯಿತು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದದ್ದು 18ರ ಆಚೆಗೂ ಎಳೆಯಿತು. ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಝಗಮಗಿಸುತ್ತಿದ್ದ ಆ ದಿನಗಳಲ್ಲೇ ಊರ ತುಂಬ ಟೀಚರ್‌ಗಳು ತಮ್ಮ ಸ್ವಂತ ಫೋನ್ ಹಿಡಿದು ಮನೆಮನೆಗೆ ಅಲೆದರು. ಸರ್ವರ್ ಸಮಸ್ಯೆ, ನೆಟ್‌ವರ್ಕ್ ಸಮಸ್ಯೆ ಸುದ್ದಿಯಾಯಿತು. ಬ್ಯಾಟರಿಯ ಸಮಸ್ಯೆ ಸುದ್ದಿಯಾಗಲಿಲ್ಲ, ಯಾಕೆಂದರೆ ಅದನ್ನು ಎಲ್ಲರೂ ಅವರವರ ಸ್ವಂತ ಸಮಸ್ಯೆ ಅಂದುಕೊಂಡಿದ್ದರು.

ಮುಂದೆ ಇರುವುದು ಇದಕ್ಕಿಂತ ದೊಡ್ಡದು. 2027ರ ಜನಗಣತಿ ದೇಶದ ಮೊದಲ ಡಿಜಿಟಲ್ ಗಣತಿ. ಮನೆಪಟ್ಟಿಯ ಹಂತ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ. ಗಣತಿದಾರರು ಮೊಬೈಲ್ ಆ್ಯಪ್‌ನಲ್ಲೇ ಮಾಹಿತಿ ತುಂಬಬೇಕು. ಅಂಗನವಾಡಿ ಕಾರ್ಯಕರ್ತೆಯರು ಈಗಾಗಲೇ ಪೋಷಣ್ ಟ್ರ್ಯಾಕರ್‌ನಲ್ಲಿ ಫಲಾನುಭವಿಯ ಮುಖದ ಗುರುತು ಹಿಡಿದೇ ಮನೆಗೊಯ್ಯುವ ರೇಷನ್ ಕೊಡಬೇಕಾಗಿದೆ. ಅಲ್ಲಿ ಫೋನ್ ಸತ್ತರೆ ಗರ್ಭಿಣಿಯ ಪೌಷ್ಟಿಕ ಆಹಾರ ಆ ದಿನ ನಿಲ್ಲುವ ಅಪಾಯವಿದೆ. ಇಷ್ಟಾದ ಮೇಲೆ ಬ್ಯಾಟರಿಯನ್ನು ಯಾರೋ ಒಬ್ಬರ ಖಾಸಗಿ ವಸ್ತು ಅನ್ನಲಾಗದು. ಅದು ಶಾಲೆಯ ಸೀಮೆಸುಣ್ಣದಷ್ಟೇ ಸರ್ಕಾರಿ ಕೆಲಸದ ಸಾಮಾನು.

ಹಾಗಾದರೆ ಏನಾಗಬೇಕು? ದೊಡ್ಡದೇನೂ ಬೇಕಿಲ್ಲ. ಗಣತಿ, ಸಮೀಕ್ಷೆಗಳ ಗೌರವಧನದಲ್ಲಿ ಫೋನಿನ ಸವೆತಕ್ಕೆ ಒಂದು ಮೊತ್ತ ಬೇರೆಯಾಗಿ ಬರಲಿ. ಕ್ಷೇತ್ರಕ್ಕೆ ಹೋಗುವವರಿಗೆ ಪವರ್‌ಬ್ಯಾಂಕ್ ಕೊಡಲಿ. ಫೋನ್ ಆಫ್ ಆದರೂ ತುಂಬಿದ್ದು ಉಳಿಯುವಂತೆ ಆ್ಯಪ್ ಇರಲಿ. ದಿನದ ಗುರಿ ನಿಗದಿ ಮಾಡುವವರು ಹೊಸ ಫೋನ್ ಇಟ್ಟುಕೊಂಡು ಲೆಕ್ಕ ಹಾಕದೆ ಎರಡು ವರ್ಷ ಹಳೆಯ ಫೋನ್ ಇಟ್ಟುಕೊಂಡು ಹಾಕಲಿ. ಗಿಗ್ ಕಾರ್ಮಿಕರಿಗಾಗಿ ರಾಜ್ಯ 2025ರಲ್ಲಿ ತಂದ ಕಾನೂನಿನಲ್ಲಿ ಕಂಪನಿಗಳು ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಆ ದುಡ್ಡಿನಲ್ಲಿ ಏನೇನು ಮಾಡಬಹುದೆಂಬ ಪಟ್ಟಿಗೆ ವರ್ಷಕ್ಕೊಂದು ಬ್ಯಾಟರಿ ಬದಲಾವಣೆಯನ್ನೂ ಸೇರಿಸಬಹುದು.

ಇನ್ನೊಂದು ಕೆಲಸ ಕೇಂದ್ರದ್ದು. ಫೋನುಗಳಿಗೆ 'ರಿಪೇರಿ ಅಂಕ' ಕೊಡುವ ಬಗ್ಗೆ ಗ್ರಾಹಕ ವ್ಯವಹಾರಗಳ ಇಲಾಖೆಯ ಸಮಿತಿ 2025ರ ಮೇನಲ್ಲಿ ವರದಿ ಕೊಟ್ಟಿದೆ. ಡಬ್ಬದ ಮೇಲೆ 5000ದ ಪಕ್ಕದಲ್ಲಿ ಎಷ್ಟು ಸೈಕಲ್ ಬಾಳುತ್ತೆ, ಬದಲಿಸಲು ಎಷ್ಟು ರೂಪಾಯಿ ಅನ್ನುವ ಎರಡು ಸಾಲು ಬರಲಿ. ಯುರೋಪಿನ ಲೇಬಲ್‌ನಲ್ಲಿ ಸೈಕಲ್ ಸಂಖ್ಯೆ ಬರೆಯುವ ಕಂಪನಿಗಳಿಗೆ ಇಲ್ಲಿ ಬರೆಯುವುದು ಕಷ್ಟವೇನಲ್ಲ.

ಅವತ್ತು ಟೀಚರ್ ಹೊರಡುವಾಗ ಫೋನು 34 ತೋರಿಸುತ್ತಿತ್ತು. "ಇನ್ನೆರಡು ಮನೆಗೆ ಸಾಕು" ಅಂತ ನಕ್ಕರು. ಮೂರನೇ ಮನೆಯಲ್ಲಿ ಮತ್ತೆ ಪ್ಲಗ್ ಕೇಳಿರುತ್ತಾರೆ. ನಮ್ಮ ಮನೆಯಲ್ಲಿ ಪ್ಲಗ್ ಇತ್ತು, ಕೊಟ್ಟೆವು. ಆದರೆ ಸರ್ಕಾರದ ಕೆಲಸ ಅವರ ಫೋನು, ನಮ್ಮ ಪ್ಲಗ್ಗು ನಂಬಿಕೊಂಡು ನಡೆಯಬಾರದು.