ಹುಲ್ಲಿನ ಬೇರಿಗೂ ಉಸಿರು ಬೇಕು

ಬ್ರಿಟನ್ನಿನ ಗಾಲ್ಫ್ ಮೈದಾನಗಳಲ್ಲಿ ಶರತ್ಕಾಲ ಬಂತೆಂದರೆ ಆಟಗಾರರ ಗೊಣಗಾಟವೂ ಮೊದಲಾಗುತ್ತದೆ. ಕುಳಿಯ ಸುತ್ತ 'ಗ್ರೀನ್' ಎಂಬ ನುಣುಪಾದ ಹುಲ್ಲುಹಾಸು ಇರುತ್ತದಷ್ಟೆ. ಮೈದಾನಪಾಲಕರು ಅದರ ಮೇಲೆ ಯಂತ್ರ ನಡೆಸಿ, ಸುಮಾರು 1 ಸೆಂಟಿಮೀಟರ್ ಅಗಲದ ಸಾವಿರಾರು ರಂಧ್ರಗಳನ್ನು ಕೊರೆದು, ಮರಳು ತುಂಬುತ್ತಾರೆ. ಎರಡು ಮೂರು ವಾರಗಳ ಕಾಲ ಚೆಂಡು ನೆಟ್ಟಗೆ ಉರುಳದು. ಹಣ ತೆತ್ತು ಆಡಬಂದವರಿಗೆ ಬೇಸರವಾಗುವುದು ಸಹಜವೇ. ಆದರೆ ಆ ಬೇಸರಕ್ಕೆ ಮಣಿದು ಕೆಲಸವನ್ನು ಮುಂದೂಡುವುದು ತಪ್ಪೆಂದು ನನ್ನ ಅಭಿಪ್ರಾಯ.

ಕಾರಣವು ಮಣ್ಣಿನೊಳಗಿದೆ. ಬೇರಿಗೂ ಆಮ್ಲಜನಕ ಬೇಕು. ಬೇಸಗೆಯುದ್ದಕ್ಕೂ ಕಾಲುಗಳೂ ಯಂತ್ರಗಳೂ ತುಳಿದ ನೆಲದಲ್ಲಿ, ಮಣ್ಣಿನ ಕಣಗಳ ನಡುವಣ ದೊಡ್ಡ ಸಂದುಗಳು ಮುಚ್ಚಿಹೋಗುತ್ತವೆ. ಗಾಳಿ ಒಳಸೇರದು, ನೀರು ಬಸಿಯದು. ಮೇಲೆ ಹಸುರು ಕಂಡರೂ ಕೆಳಗೆ ಬೇರು ಮೊಟಕಾಗುತ್ತದೆ. ಕೊರೆದ ರಂಧ್ರಗಳು ಗಾಳಿಗೂ ನೀರಿಗೂ ದಾರಿ ಮಾಡಿಕೊಡುತ್ತವೆ. ಮರಳು ಆ ದಾರಿಯನ್ನು ತೆರೆದಿಡುತ್ತದೆ.

ಚಳಿಗಾಲದಲ್ಲಿ ಆಟಗಾರರು ವಿರಳ. ಆಗಲೇ ಏಕೆ ಮಾಡಬಾರದೆಂದು ಕೇಳುವವರುಂಟು. ಅಲ್ಲಿಯ ಬೆಂಟ್, ಫೆಸ್ಕ್ಯೂ ಹುಲ್ಲುಗಳು ತಂಪನ್ನು ಬಯಸುವಂಥವು. ಸೆಪ್ಟೆಂಬರಿನಲ್ಲಿ ಗಾಳಿ ತಂಪಾದರೂ ನೆಲದಲ್ಲಿ ಬೇಸಗೆಯ ಕಾವು ಉಳಿದಿರುತ್ತದೆ. ಬೇರು ಬೆಳೆಯಲು, ಗಾಯ ಮಾಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಡಿಸೆಂಬರಿನ ಹೊತ್ತಿಗಾದರೋ ಬೆಳವಣಿಗೆ ಬಹುಮಟ್ಟಿಗೆ ನಿಂತಿರುತ್ತದೆ. ಆಗ ಕೊರೆದ ರಂಧ್ರಗಳು ವಸಂತದವರೆಗೂ ಹಾಗೆಯೇ ಉಳಿದಾವು.

ಇದಲ್ಲದೆ ಮೈಕ್ರೋಡೋಕಿಯಮ್ ನಿವಾಲೆ ಎಂಬ ಶಿಲೀಂಧ್ರದ ಭಯವೂ ಇದೆ. ತಂಪೂ ತೇವವೂ ಕೂಡಿದಾಗ ಅದು ಹುಲ್ಲನ್ನು ಮಚ್ಚೆಮಚ್ಚೆಯಾಗಿ ಕೊಳೆಯಿಸುತ್ತದೆ. ಅದನ್ನು ಅಡಗಿಸಲು ಬಹುಕಾಲ ಬಳಸುತ್ತಿದ್ದ ಇಪ್ರೊಡಿಯೋನ್ ಎಂಬ ಔಷಧದ ಬಳಕೆ 2018ರಲ್ಲಿ ಅಲ್ಲಿ ನಿಂತುಹೋಯಿತು. ರೋಗ ತಗುಲಿದ ಮೇಲೆ ಔಷಧವನ್ನೇ ನಂಬಿ ಕೂಡುವಂತಿಲ್ಲ. ಇಬ್ಬನಿಯನ್ನು ಬೆಳಗ್ಗೆಯೇ ಸವರಿ ತೆಗೆಯುವುದು, ಸಾರಜನಕ ಗೊಬ್ಬರವನ್ನು ಅತಿಯಾಗಿ ಹಾಕದಿರುವುದು, ನೀರು ಬಸಿಯುವಂತೆ ನೆಲವನ್ನು ಸಡಿಲಿಸುವುದು, ಇವೇ ಈಗ ಮೊದಲ ರಕ್ಷೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ 'ಓಲ್ಡ್ ಕೋರ್ಸ್' ಮೈದಾನದಲ್ಲಿ ಇಂದಿಗೂ ಭಾನುವಾರ ಸಾಮಾನ್ಯವಾಗಿ ಗಾಲ್ಫ್ ಆಡುವುದಿಲ್ಲ. ವಾರಕ್ಕೊಂದು ದಿನದ ಬಿಡುವನ್ನು ಒಪ್ಪಿಕೊಂಡ ಆಟಗಾರರು, ವರ್ಷಕ್ಕೆ ಎರಡು ಮೂರು ವಾರಗಳ ಒರಟುತನವನ್ನು ಒಪ್ಪಲಾರರೆ? ಕ್ಲಬ್ಬುಗಳು ದಿನಾಂಕವನ್ನು ಮುಂಚಿತವಾಗಿ ತಿಳಿಸಲಿ. ಕೊರೆದು ತೆಗೆದ ಮಣ್ಣಿನ ಒಂದು ತುಂಡನ್ನು ಗೊಣಗುವವರ ಕೈಯಲ್ಲಿಡಲಿ. ಬೇರು ಎಷ್ಟು ಆಳಕ್ಕೆ ಇಳಿದು ನಿಂತುಬಿಟ್ಟಿದೆಯೆಂಬುದನ್ನು ಅವರೇ ಕಣ್ಣಾರೆ ಕಾಣಲಿ.